ರಸ್ತೆಗೆ ಕ್ಯಾಮೆರಾ ಹಾಕಿಸುವ ಮುಂಚೆ, ಹಾಕಿಸಿದ ಮೇಲೆ

ಒಂದು ಬೈಕ್ ಕಳವಾದರೆ ಸಾಕು, ಅದೇ ವಾರ ರಸ್ತೆಯವರೆಲ್ಲ ದುಡ್ಡು ಸೇರಿಸಿ ಕ್ಯಾಮೆರಾ ಹಾಕಿಸುತ್ತಾರೆ. ಬೆಂಗಳೂರಿನ ಬಡಾವಣೆಗಳಲ್ಲಿ ಇದು ಈಗ ಮಾಮೂಲು. ನಮ್ಮ ರಸ್ತೆಯಲ್ಲೂ ಹಾಗೇ ಆಯಿತು. ಆತುರದಲ್ಲಿ ನಾವು ಯೋಚಿಸದೇ ಬಿಟ್ಟದ್ದನ್ನು ನೀವಾದರೂ ಮೊದಲೇ ಯೋಚಿಸಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕ್ಯಾಮೆರಾ ಯಾವ ಕೆಲಸಕ್ಕೆ ಅಂತ ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಗಾಡಿ ಕಳವಿಗಾ, ಖಾಲಿ ಸೈಟಿಗೆ ಕಸ ಸುರಿಯುವವರನ್ನು ಹಿಡಿಯುವುದಕ್ಕಾ? ಗಾಡಿಗಾದರೆ ರಸ್ತೆಯ ಎರಡು ತುದಿಯಲ್ಲಿ ಇದ್ದರೆ ಸಾಕು. "ಇರ್ಲಿ, ಎಲ್ಲಾ ಕಾಣ್ಲಿ" ಅಂತ ಮಧ್ಯದಲ್ಲೆಲ್ಲ ಹಾಕಿಸಬೇಡಿ. ಅಲ್ಲಿ ದಿನವಿಡೀ ಕಾಣುವವರು ಜಗಲಿ ಮೇಲೆ ಕೂತು ಮಾತಾಡುವ ಅಜ್ಜಿಯರು, ಕ್ರಿಕೆಟ್ ಆಡುವ ಮಕ್ಕಳು, ಮನೆಗೆಲಸಕ್ಕೆ ಬರುವ ಹೆಂಗಸರು.

ಎತ್ತರ ಸುಮಾರು ಹತ್ತು ಅಡಿ ಇರಲಿ. ಕಂಬದ ತುದಿಗೆ ಹಾಕಿದರೆ ಬರೀ ನೆತ್ತಿ, ಹೆಲ್ಮೆಟ್ಟು ಕಾಣುತ್ತೆ. ರಾತ್ರಿ ಹೆಡ್‌ಲೈಟ್ ಬೆಳಕಿಗೆ ನಂಬರ್ ಪ್ಲೇಟ್ ಬೆಳ್ಳಗಾಗಿಬಿಡುತ್ತೆ, ಹಾಗಾಗಿ ಕೂರಿಸುವವರ ಹತ್ತಿರ ರಾತ್ರಿ ಹೊತ್ತೇ ತೋರಿಸೋಕೆ ಹೇಳಿ. ಯಾರದೇ ಕಿಟಕಿ, ಬಾಲ್ಕನಿ, ಬಚ್ಚಲಮನೆಯ ಗವಾಕ್ಷಿ ಪರದೆಯಲ್ಲಿ ಬಂದರೆ ಕ್ಯಾಮೆರಾ ತಿರುಗಿಸಿ. ಆಗದಿದ್ದರೆ ಆ ಜಾಗದ ಮೇಲೆ ಕಪ್ಪು ಚೌಕ ಕೂರಿಸುವ ಸೌಲಭ್ಯ ವಿಡಿಯೋ ಉಳಿಸಿಡುವ ಬಹುತೇಕ ರೆಕಾರ್ಡರ್‌ಗಳಲ್ಲಿ ಇರುತ್ತೆ. "ರಸ್ತೆ ತಾನೇ, ಅಲ್ಲೆಂಥ ಖಾಸಗಿತನ" ಅನ್ನುವವರು ಸಭೆಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಸಾರ್ವಜನಿಕ ಜಾಗಕ್ಕೆ ಬಂದ ಮಾತ್ರಕ್ಕೆ ಅದು ಹೋಗಿಬಿಡುವುದಿಲ್ಲ ಅನ್ನುವ ಮಾತೂ ಆ ತೀರ್ಪಿನಲ್ಲಿದೆ. ಅದನ್ನೇ ಅವರಿಗೆ ಹೇಳಿ.

ರೆಕಾರ್ಡರ್‌ನ ಡಿಸ್ಕ್ ಲೆಕ್ಕ ಸುಲಭ. ಸೆಕೆಂಡಿಗೆ 2 ಮೆಗಾಬಿಟ್ ಕಳಿಸುವ ಕ್ಯಾಮೆರಾ ದಿನಕ್ಕೆ ಸುಮಾರು 21 ಜಿಬಿ ತುಂಬುತ್ತೆ. ನಾಲ್ಕು ಕ್ಯಾಮೆರಾಕ್ಕೆ 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ಭರ್ತಿ. 30 ದಿನ ಬೇಕಂದರೆ 4 ಟಿಬಿ ತಗೊಳ್ಳಿ. ಅದಕ್ಕಿಂತ ಹಳೆಯದು ತಾನಾಗೇ ಅಳಿಸಿಹೋಗುವ ಹಾಗೆ ಇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಫೂಟೇಜ್ ಯಾರ ಕೈಯಲ್ಲಿರಬೇಕು? ನಮ್ಮಲ್ಲಿ ಹನ್ನೆರಡು ಜನರ ಫೋನಿನಲ್ಲಿ ಕ್ಯಾಮೆರಾ ನೋಡುವ ಆ್ಯಪ್ ಇತ್ತು. ಒಂದು ದಿನ ಹೂ ಮಾರುವ ಅಕ್ಕ ಒಂದು ಮನೆಯ ಗೇಟಿನಿಂದ ಕುಕ್ಕರ್ ಹಿಡಿದು ಹೊರಬರುವ ಕ್ಲಿಪ್ಪನ್ನು ಯಾರೋ ತೆಗೆದು, "ಇವಳ ಮೇಲೆ ಕಣ್ಣಿಡಿ" ಅಂತ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಆ ಕುಕ್ಕರ್ ಮನೆಯವರೇ ಕೊಟ್ಟದ್ದು ಅಂತ ಗೊತ್ತಾಗುವಷ್ಟರಲ್ಲಿ ಸಂಜೆಯಾಗಿತ್ತು. ಅಷ್ಟರೊಳಗೆ ಇಬ್ಬರು ಆಕೆಯನ್ನು ನಿಲ್ಲಿಸಿ ಕೇಳಿಯೂ ಆಗಿತ್ತು. ಎಷ್ಟೋ ವರ್ಷದಿಂದ ದಿನಾ ಬೆಳಗ್ಗೆ ಬರುತ್ತಿದ್ದ ಆಕೆ ಮತ್ತೆ ನಮ್ಮ ರಸ್ತೆಗೆ ಬರಲಿಲ್ಲ. ಇವತ್ತಿಗೂ ನನಗೆ ಅದು ನೋವು.

ಹಾಗಾಗಿ ಇಬ್ಬರೇ ನೋಡಲಿ, ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ಒಂದು ನೋಟ್‌ಬುಕ್ ಇಟ್ಟು ಯಾರು, ಯಾವತ್ತು, ಯಾಕೆ ನೋಡಿದರು ಅಂತ ಬರೆಸಿ. ಕ್ಲಿಪ್ ಗ್ರೂಪಿಗೆ ಹಾಕುವ ಹಾಗಿಲ್ಲ ಅಂತ ಸಭೆಯಲ್ಲೇ ತೀರ್ಮಾನ ಮಾಡಿ. ಪೊಲೀಸರು ಕೇಳಿದರೆ ಬರಹದಲ್ಲೇ ಕೇಳಿ ಅಂತ ಹೇಳಿ, ರೆಕಾರ್ಡರ್‌ನಿಂದಲೇ ಪೆನ್‌ಡ್ರೈವ್‌ಗೆ ಹಾಕಿ ಕೊಡಿ, ಯಾಕಂದರೆ ವಾಟ್ಸಾಪ್ ವಿಡಿಯೋವನ್ನು ಕುಗ್ಗಿಸುತ್ತೆ, ಮುಖವೇ ಮಸುಕಾಗುತ್ತೆ. ಕೋರ್ಟಿಗೆ ಹೋಗುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಆ ಫೂಟೇಜ್ ಯಾವ ಸಾಧನದಿಂದ, ಹೇಗೆ ತೆಗೆದದ್ದು ಅನ್ನುವ ಪ್ರಮಾಣಪತ್ರವೂ ಬೇಕಾಗುತ್ತೆ.

ಕ್ಯಾಮೆರಾ, ರೆಕಾರ್ಡರ್‌ಗಳ ಪಾಸ್‌ವರ್ಡ್ ಕೂರಿಸಿದ ದಿನವೇ ಬದಲಿಸಿ, ಕೂರಿಸಿದವರು ಇನ್ನೂ ಏಣಿ ಇಳಿಸುವ ಮುಂಚೆ. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ (ಮಾಲ್‌ವೇರ್), ಕಂಪನಿ ಕೊಟ್ಟ ಪಾಸ್‌ವರ್ಡ್ ಹಾಗೇ ಇಟ್ಟಿದ್ದ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳನ್ನು ವಶಕ್ಕೆ ತಗೊಂಡು, ಅವುಗಳಿಂದಲೇ ಅಮೆರಿಕದ ಎಷ್ಟೋ ದೊಡ್ಡ ವೆಬ್‌ಸೈಟ್‌ಗಳು ಕೆಲವು ಗಂಟೆ ತೆರೆಯದ ಹಾಗೆ ಮಾಡಿತ್ತು. ಮೊಬೈಲಿನಲ್ಲಿ ದೂರದಿಂದ ನೋಡುವ ಅಗತ್ಯ ನಿಜವಾಗಿ ಇಲ್ಲದಿದ್ದರೆ ರೆಕಾರ್ಡರ್‌ಗೆ ಇಂಟರ್ನೆಟ್ಟೇ ಕೊಡಬೇಡಿ.

ರಸ್ತೆಯ ಎರಡೂ ತುದಿಯಲ್ಲಿ ಕನ್ನಡದಲ್ಲಿ ಬೋರ್ಡ್ ಹಾಕಿ: ಇಲ್ಲಿ ಕ್ಯಾಮೆರಾ ಇದೆ, ಇಷ್ಟು ದಿನ ಇಡುತ್ತೇವೆ, ಕೇಳಬೇಕಾದವರು ಇವರು. ತರಕಾರಿ ಗಾಡಿಯವರಿಗೆ, ಪೌರಕಾರ್ಮಿಕರಿಗೆ ಬಾಯಲ್ಲೂ ಹೇಳಿ, ಓದಲು ಬಾರದವರೂ ಇರುತ್ತಾರಲ್ವಾ.

ಇನ್ನು ತಿಂಗಳಿಗೊಮ್ಮೆ ಲೆನ್ಸ್ ಒರೆಸಿ. ರಾತ್ರಿ ಕ್ಯಾಮೆರಾದ ಹತ್ತಿರ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತೆ, ಬಲೆ ಕಟ್ಟಿದರೆ ಏನೂ ಕಾಣಲ್ಲ. ಹಾಗೇ ರೆಕಾರ್ಡರ್‌ನ ಗಡಿಯಾರ ನಿಮ್ಮ ಫೋನಿನ ಸಮಯಕ್ಕೆ ಸರಿಯಾಗಿದೆಯಾ ಅಂತಲೂ ನೋಡಿ. ಹತ್ತು ನಿಮಿಷ ಹಿಂದೆಮುಂದೆ ಇದ್ದರೂ ಆ ಹೊತ್ತಿಗೆ ಸುಮ್ನೆ ನಡೆದು ಹೋದ ಯಾರೋ ಒಬ್ಬರು ಉತ್ತರ ಕೊಡಬೇಕಾಗುತ್ತೆ.