ಕೆನಡಾದ್ದನ್ನೇ ಕೊಳ್ಳುವುದು, ಕೆನಡಾವನ್ನೇ ಸುತ್ತುವುದು ಹೇಗೆ?

2025ರ ಫೆಬ್ರವರಿಯಲ್ಲಿ ಕೆನಡಾದ ಸರಕುಗಳ ಮೇಲೆ ಶೇ 25ರಷ್ಟು ಸುಂಕ ಹೇರುವುದಾಗಿ ಅಮೆರಿಕ ಘೋಷಿಸಿದ ಮೇಲೆ ಇಲ್ಲಿನ ದಿನಸಿ ಅಂಗಡಿಗಳ ಚಹರೆಯೇ ಬದಲಾಯಿತು. ಬೆಲೆಚೀಟಿಯ ಪಕ್ಕದಲ್ಲಿ ಕೆನಡಾದ ಸರಕೆಂದು ಸೂಚಿಸುವ ಕೆಂಪು ಮೇಪಲ್ ಎಲೆಗಳು ಕಾಣಿಸಿಕೊಂಡವು. ಹಿಂದೆ ಬೆಲೆ ನೋಡಿ ಬುಟ್ಟಿಗೆ ಹಾಕಿಕೊಂಡು ಹೋಗುತ್ತಿದ್ದವರು ಡಬ್ಬ ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು ಸಣ್ಣಕ್ಷರ ಓದತೊಡಗಿದರು. ಸುಂಕದ ಜಗಳ ಇಂದಲ್ಲ ನಾಳೆ ಬಗೆಹರಿದೀತು. ಆದರೆ ಡಬ್ಬ ತಿರುಗಿಸಿ ಓದುವ ಆ ಅಭ್ಯಾಸ ಉಳಿಯಬೇಕು ಎನ್ನುವುದು ನನ್ನ ಮನದಾಳದ ಆಸೆ. ನಾವು ಉಣ್ಣುವುದು ಯಾವ ಮಣ್ಣಿನದು ಎಂದು ತಿಳಿದರೆ, ಆ ಮಣ್ಣನ್ನು ಹೋಗಿ ನೋಡುವ ಮನಸ್ಸೂ ಬರುತ್ತದೆ. ಒಂಟಾರಿಯೊಗೆ ಬಂದು ನೆಲೆಸಿದ ನಮ್ಮ ಮನೆಯಲ್ಲಿ ಆದದ್ದು ಅದೇ.

ಮೊದಲು ಚೀಟಿ ಓದಲು ಕಲಿಯಿರಿ

ಒಮ್ಮೆ ಜೇನುತುಪ್ಪದ ಶೀಶೆ ತಂದಿದ್ದೆ. ಮುಂದೆ ‘ಕೆನಡಾ ನಂ. 1’ ಎಂದು ದೊಡ್ಡದಾಗಿ ಬರೆದಿತ್ತು. ಮನೆಗೆ ಬಂದ ಮೇಲೆ ಮಗಳು ಹಿಂದಿನ ಸಾಲು ಓದಿದಳು: ಕೆನಡಾದ ಮತ್ತು ಹೊರದೇಶದ ಜೇನಿನ ಮಿಶ್ರಣ. ‘ಕೆನಡಾ ನಂ. 1’ ಎನ್ನುವುದು ಗುಣಮಟ್ಟದ ದರ್ಜೆ, ಅದು ಹುಟ್ಟೂರನ್ನು ಹೇಳುವುದಿಲ್ಲ. ಹೊರಗಿನಿಂದ ಬಂದು ಇಲ್ಲಿ ಶೀಶೆಗೆ ತುಂಬಿದ ಸರಕಿಗೂ ಆ ದರ್ಜೆ ಸಿಗಬಹುದು. ಬರಿಯ ಮೇಪಲ್ ಎಲೆಯ ಚಿತ್ರವನ್ನೂ ನಂಬಿಬಿಡಬೇಡಿ. ಎಲೆಯ ಹತ್ತಿರ ಏನು ಬರೆದಿದೆ ಎನ್ನುವುದೇ ಮುಖ್ಯ.

ಹುಡುಕಬೇಕಾದ ಮಾತು ಎರಡು. ಆಹಾರದ ಪೊಟ್ಟಣದ ಮೇಲೆ ‘ಪ್ರಾಡಕ್ಟ್ ಆಫ್ ಕೆನಡಾ’ ಎಂದಿದ್ದರೆ ಅದರ ಪದಾರ್ಥ, ಸಂಸ್ಕರಣೆ, ದುಡಿಮೆ ಹೆಚ್ಚುಕಡಿಮೆ ಪೂರ್ತಿ ಇಲ್ಲಿಯದೇ. ಹೊರಗಿನ ಪದಾರ್ಥ ಸಾಮಾನ್ಯವಾಗಿ ಶೇ 2ಕ್ಕಿಂತ ಕಡಿಮೆ ಇರಬೇಕು. ‘ಮೇಡ್ ಇನ್ ಕೆನಡಾ’ ಎಂದರೆ ಅದಕ್ಕೆ ಕೊನೆಯ ಮುಖ್ಯ ರೂಪ ಬಂದದ್ದು ಇಲ್ಲಿ. ಪದಾರ್ಥ ಹೊರಗಿನದೂ ಆಗಿರಬಹುದು, ಆಗ ಹಾಗೆಂದು ಪಕ್ಕದಲ್ಲೇ ಹೇಳಿರಬೇಕು. ಬಟ್ಟೆ, ಪಾತ್ರೆ, ಪೀಠೋಪಕರಣಗಳಿಗೆ ಲೆಕ್ಕ ಬೇರೆ: ತಯಾರಿಕೆಯ ನೇರ ವೆಚ್ಚದಲ್ಲಿ ಕನಿಷ್ಠ ಶೇ 98 ಇಲ್ಲಿ ಆಗಿದ್ದರೆ ಮೊದಲನೆಯ ಮಾತು, ಕನಿಷ್ಠ ಶೇ 51 ಆಗಿದ್ದರೆ ಎರಡನೆಯದು.

ಬಾರ್‌ಕೋಡಿನ ಮೊದಲ ಅಂಕಿ ನೋಡಿದರೆ ದೇಶ ಗೊತ್ತಾಗುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಅದನ್ನು ಅಳಿಸಿಬಿಡಿ. ಆ ಅಂಕಿ ಹೇಳುವುದು ಕಂಪನಿ ತನ್ನ ಸಂಖ್ಯೆಯನ್ನು ಎಲ್ಲಿ ನೋಂದಾಯಿಸಿತು ಎಂಬುದನ್ನು. ಸರಕು ಎಲ್ಲಿ ತಯಾರಾಯಿತು ಎಂಬುದನ್ನಲ್ಲ.

ಕಂಪನಿ ಕೆನಡಾದ್ದು, ಕಾರ್ಖಾನೆ ಬೇರೆಡೆಯದು. ಕಾರ್ಖಾನೆ ಇಲ್ಲಿಯದು, ಒಡೆತನ ಹೊರಗಿನದು. ಇಂಥ ಇಕ್ಕಟ್ಟು ಪದೇ ಪದೇ ಎದುರಾಗುತ್ತದೆ. ಇಲ್ಲಿ ದುಡಿಯುವ ಕೈಗಳಿಗೆ ನಾನು ಮೊದಲ ಮಣೆ ಹಾಕುತ್ತೇನೆ. ನೆರೆಮನೆಯವರ ಸಂಬಳ ಬರುವುದು ಕಾರ್ಖಾನೆಯಿಂದ, ಕಂಪನಿಯ ಹೆಸರಿನಿಂದಲ್ಲ.

ಆಮೇಲೆ ಒಗ್ಗರಣೆ ಡಬ್ಬ ತೆರೆಯಿರಿ

ನಮ್ಮ ಅಡುಗೆಗೆ ಬೇಕಾದದ್ದೆಲ್ಲ ಹೊರಗಿನಿಂದಲೇ ಬರಬೇಕು ಎಂದು ನಾನೂ ಬಹಳ ವರ್ಷ ನಂಬಿದ್ದೆ. ಒಗ್ಗರಣೆಯ ಸಾಸಿವೆಯಿಂದಲೇ ಆ ನಂಬಿಕೆ ಮುರಿಯುತ್ತದೆ. ಜಗತ್ತಿಗೆ ಸಾಸಿವೆ ಕಳಿಸುವ ದೇಶಗಳಲ್ಲಿ ಕೆನಡಾ ಮುಂಚೂಣಿಯಲ್ಲಿದೆ. ಬೆಳೆಯುವುದು ಬಹುಪಾಲು ಸಸ್ಕಾಚೆವಾನ್‌ ಪ್ರಾಂತ್ಯದಲ್ಲಿ. ಮಸೂರ ಬೇಳೆಯೂ ಅಲ್ಲಿಯದೇ. ಮಸೂರವನ್ನು ಅತಿ ಹೆಚ್ಚು ರಫ್ತು ಮಾಡುವ ದೇಶ ಕೆನಡಾ. ಭಾರತಕ್ಕೂ ವರ್ಷಗಳಿಂದ ಹಡಗು ತುಂಬಿ ಹೋಗಿದೆ. ಊರಿನಲ್ಲಿದ್ದಾಗ ನಾವು ಉಂಡ ಬೇಳೆಯಲ್ಲಿ ಒಂದಿಷ್ಟು ಈ ನೆಲದ್ದೇ ಇದ್ದಿರಬಹುದು! ಭಾರತೀಯ ಅಂಗಡಿಗೆ ಹೋದಾಗ ಮಸೂರ, ಕಡಲೆ, ಒಣ ಬಟಾಣಿ, ಗೋಧಿಹಿಟ್ಟಿನ ಪೊಟ್ಟಣಗಳನ್ನು ತಿರುಗಿಸಿ ನೋಡಿ. ಒಗ್ಗರಣೆಗೆ ಎಣ್ಣೆ ಬೇಕಲ್ಲವೇ? ಕನೋಲಾ ಎಂಬ ಎಣ್ಣೆಬೀಜದ ತಳಿಯನ್ನು 1970ರ ದಶಕದಲ್ಲಿ ರೂಪಿಸಿದವರು ಇಲ್ಲಿಯ ವಿಜ್ಞಾನಿಗಳು. ಹೆಸರಿನ ಮೊದಲ ಭಾಗವೇ ಕೆನಡಾ.

ಹಾಲು, ಮೊಸರು, ಬೆಣ್ಣೆಗೆ ನೀಲಿ ಹಸುವಿನ ಗುರುತು ಹುಡುಕಿ. ಅದು ಇದ್ದರೆ ಹಾಲು ನೂರಕ್ಕೆ ನೂರು ಕೆನಡಾದ ಹಸುಗಳದ್ದು. ತುಪ್ಪದ ಡಬ್ಬ ಕೊಳ್ಳುವ ಬದಲು ಆ ಗುರುತಿನ ಉಪ್ಪಿಲ್ಲದ ಬೆಣ್ಣೆ ತಂದು ಮನೆಯಲ್ಲೇ ಕಾಯಿಸಿ. ದಪ್ಪ ತಳದ ಪಾತ್ರೆ, ಸಣ್ಣ ಉರಿ. ಮೊದಲು ಚಟಪಟ ಸದ್ದು ಜೋರಾಗಿರುತ್ತದೆ. ನೀರಿನಂಶ ಆರಿದಂತೆ ಸದ್ದು ಇಳಿದು, ಮೇಲಿನ ನೊರೆ ತೆಳುವಾಗಿ, ತಳದ ಗಸಿ ಹೊಂಬಣ್ಣಕ್ಕೆ ತಿರುಗುತ್ತದೆ. ಆಗ ನಾಲ್ಕು ಎಲೆ ನುಗ್ಗೆಸೊಪ್ಪು ಹಾಕಿ ಇಳಿಸಿದರೆ ಮನೆಯೆಲ್ಲ ಘಮಘಮ.

ತರಕಾರಿಗೆ ಋತು ನೋಡಬೇಕು. ಆಗಸ್ಟಿನಲ್ಲಿ ಮೆಕ್ಕೆಜೋಳ, ಪೀಚ್ ಹಣ್ಣು, ಸೆಪ್ಟೆಂಬರಿನಲ್ಲಿ ಸೇಬು. ಚಳಿಗಾಲದಲ್ಲಿ ಆಲೂಗಡ್ಡೆ, ಗಜ್ಜರಿ, ಬೀಟ್‌ರೂಟ್, ಎಲೆಕೋಸು, ಜೊತೆಗೆ ಗಾಜಿನ ಮನೆಯಲ್ಲಿ ಬೆಳೆದ ಸೌತೆಕಾಯಿ. ತೆಂಗಿನಕಾಯಿ, ಹುಣಸೆ, ಏಲಕ್ಕಿ ಇಲ್ಲಿ ಬೆಳೆಯುವುದಿಲ್ಲ. ಅವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಕಾಫಿಯೂ ಬೆಳೆಯುವುದಿಲ್ಲ, ಆದರೆ ಬೀಜ ತರಿಸಿ ಇಲ್ಲೇ ಹುರಿಯುವ ಸಣ್ಣ ಅಂಗಡಿಗಳು ಊರೂರಲ್ಲಿವೆ. ಒಂದೇ ದಿನ ಇಡೀ ಪಟ್ಟಿ ಬದಲಿಸಲು ಹೋದರೆ ಜೇಬಿಗೂ ಭಾರ, ಮನಸ್ಸಿಗೂ ಬೇಸರ. ವಾರಕ್ಕೊಂದು ಸಾಮಾನು ಸಾಕು.

ಈಗ ಆ ಊರುಗಳಿಗೆ ಹೊರಡಿ

ಬೇಸಿಗೆ ರಜೆ ಬಂತೆಂದರೆ ಗಡಿ ದಾಟಿ ಅಮೆರಿಕಕ್ಕೆ ಕಾರು ತಿರುಗಿಸುವುದು ನಮ್ಮವರಿಗೆ ರೂಢಿಯಾಗಿಬಿಟ್ಟಿದೆ. ಅದರ ಬದಲು ಡಬ್ಬದ ಮೇಲಿನ ಊರುಗಳನ್ನೇ ಪಟ್ಟಿ ಮಾಡಿ. ಗಾಜಿನ ಮನೆಯ ಟೊಮೆಟೊ ಬರುವುದು ಒಂಟಾರಿಯೊದ ಲೀಮಿಂಗ್‌ಟನ್‌ನಿಂದ. ಪಕ್ಕದಲ್ಲೇ ಪಾಯಿಂಟ್ ಪೀಲೀ ರಾಷ್ಟ್ರೀಯ ಉದ್ಯಾನ, ಕೆನಡಾದ ಮುಖ್ಯ ಭೂಭಾಗದ ದಕ್ಷಿಣದ ತುದಿ. ಮೇ ತಿಂಗಳಲ್ಲಿ ವಲಸೆ ಹಕ್ಕಿಗಳು, ಸೆಪ್ಟೆಂಬರಿನಲ್ಲಿ ದಕ್ಷಿಣಕ್ಕೆ ಹೊರಟ ಮೊನಾರ್ಕ್ ಚಿಟ್ಟೆಗಳು ಅಲ್ಲಿ ತಂಗುತ್ತವೆ. ಉಪ್ಪಿನ ಜಾಡು ಹಿಡಿದರೆ ಹ್ಯೂರನ್ ಸರೋವರದ ದಡದ ಗೊಡೆರಿಚ್. ಜಗತ್ತಿನ ಅತಿ ದೊಡ್ಡ ಭೂಗತ ಉಪ್ಪಿನ ಗಣಿ ಅಲ್ಲಿ ಸರೋವರದ ಅಡಿಯಲ್ಲಿದೆ. ಮೇಲೆ ನಿಂತು ಸೂರ್ಯಾಸ್ತ ನೋಡುವಾಗ ಕಾಲಡಿಯ ಆ ಲೋಕ ನೆನಪಿಗೆ ಬಂದರೆ ಮೈ ಜುಮ್ಮೆನ್ನುತ್ತದೆ. ಜುಲೈಯಲ್ಲಿ ಸಸ್ಕಾಚೆವಾನ್‌ನಲ್ಲಿ ಕಾರು ಓಡಿಸಿ. ಕಣ್ಣು ಹಾಯುವವರೆಗೂ ಕನೋಲಾ ಹೂಬಿಟ್ಟ ಹಳದಿ ಹೊಲ.

ಆಲೂಗಡ್ಡೆಯ ಊರು ಪ್ರಿನ್ಸ್ ಎಡ್ವರ್ಡ್ ದ್ವೀಪ. ಅಲ್ಲಿಗೆ ದಾಟಲು 1997ರಲ್ಲಿ ತೆರೆದ 12.9 ಕಿ.ಮೀ. ಉದ್ದದ ಸೇತುವೆಯಿದೆ. 50 ಡಾಲರ್ ದಾಟಿದ್ದ ಅದರ ಟೋಲ್ ಶುಲ್ಕವನ್ನು 2025ರ ಆಗಸ್ಟಿನಲ್ಲಿ 20 ಡಾಲರ್‌ಗೆ ಇಳಿಸಿದರು. ದಾರಿಯಲ್ಲಿ ನ್ಯೂ ಬ್ರನ್ಸ್‌ವಿಕ್‌ನ ಹೋಪ್‌ವೆಲ್ ಬಂಡೆಗಳ ಬಳಿ ತಪ್ಪದೆ ನಿಲ್ಲಿ. ಇಳಿತವಿದ್ದಾಗ ಕಡಲತಳದಲ್ಲಿ ನಡೆದಾಡಿದ ಜಾಗದಲ್ಲೇ ಆರು ಗಂಟೆಯ ಬಳಿಕ ದೋಣಿ ತೇಲುತ್ತದೆ. ಉಬ್ಬರ–ಇಳಿತದ ವೇಳಾಪಟ್ಟಿ ನೋಡಿಕೊಂಡೇ ಅಲ್ಲಿ ಕೊಠಡಿ ಕಾಯ್ದಿರಿಸಿ.

ಕಾಯ್ದಿರಿಸುವ ವಿಷಯದಲ್ಲಿ ಉದಾಸೀನ ಸಲ್ಲದು. ರಾಷ್ಟ್ರೀಯ ಉದ್ಯಾನಗಳ ಬೇಸಿಗೆಯ ಬುಕಿಂಗ್ ಚಳಿಗಾಲದಲ್ಲೇ ತೆರೆಯುತ್ತದೆ. ಬ್ಯಾನ್ಫ್ ಉದ್ಯಾನದ ಮೊರೇನ್ ಸರೋವರಕ್ಕೆ 2023ರಿಂದ ಸ್ವಂತ ಕಾರು ಬಿಡುವುದಿಲ್ಲ, ಬಸ್ಸಿನಲ್ಲಿ ಸೀಟು ಹಿಡಿಯಬೇಕು. 2025ರ ಬೇಸಿಗೆಯಲ್ಲಿ ಸರ್ಕಾರ ರಾಷ್ಟ್ರೀಯ ಉದ್ಯಾನಗಳ ಪ್ರವೇಶವನ್ನು ಉಚಿತ ಮಾಡಿತ್ತು. ದೊಡ್ಡವರ ಜೊತೆ ಬಂದ ಮಕ್ಕಳಿಗೆ ದೇಶದ ಪ್ರಯಾಣಿಕ ರೈಲಾದ ವಯಾದಲ್ಲಿ ಟಿಕೆಟ್‌ಗೆ ಹಣ ತೆಗೆದುಕೊಳ್ಳುತ್ತಿರಲಿಲ್ಲ. ಅಂಥ ರಿಯಾಯಿತಿ ಈಗ ಇದೆಯೇ ಎಂದು ಹೊರಡುವ ಮುನ್ನ ವಿಚಾರಿಸಿ.

ಒಂದೇ ಪ್ರವಾಸಕ್ಕೆ ಬಿಡುವಿದ್ದರೆ, ಮಾರ್ಚಿನಲ್ಲಿ ಮೇಪಲ್ ತೋಟಕ್ಕೆ ಹೋಗಿ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು ಇದ್ದರೆ ಮಾತ್ರ ಮರದಿಂದ ರಸ ಇಳಿಯುತ್ತದೆ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ. ಶಿವಮೊಗ್ಗದಿಂದ ಬಂದಿದ್ದ ನಮ್ಮ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಉದ್ದನೆಯ ಕೊಪ್ಪರಿಗೆ, ಸೂರಿನವರೆಗೂ ತುಂಬಿದ ಸಿಹಿ ಹಬೆ, ಒಲೆಗೆ ಸೌದೆ ಒಟ್ಟುವವನ ಬೆವರು ನೋಡಿ ಅವರು ಬಾಗಿಲಲ್ಲೇ ನಿಂತುಬಿಟ್ಟರು. “ಇದು ಆಲೆಮನೆಯೇ ಅಲ್ಲವೇನಮ್ಮಾ!” ಎಂದರು. ಹಿಮದ ಮೇಲೆ ಬಿಸಿ ಪಾಕ ಸುರಿದು, ಕಡ್ಡಿಗೆ ಸುತ್ತಿ ಕೊಟ್ಟಾಗ ಮಕ್ಕಳಿಗಿಂತ ಮೊದಲು ಕೈ ಚಾಚಿದವರು ಅವರು.

ಅಲ್ಲೇ ಪಾಕ ಕೊಂಡುಕೊಳ್ಳಿ. ಅಂಗಡಿಯಲ್ಲಿ ಕೊಳ್ಳುವುದಾದರೆ ‘ಶುದ್ಧ ಮೇಪಲ್’ ಎಂದಿರಲಿ; ಬರೀ ಪ್ಯಾನ್‌ಕೇಕ್ ಸಿರಪ್ ಎಂದಿದ್ದರೆ ಸಾಮಾನ್ಯವಾಗಿ ಅದು ಬಣ್ಣ, ಪರಿಮಳ ಸೇರಿಸಿದ ಮೆಕ್ಕೆಜೋಳದ ಪಾಕ. ತಿಳಿಬಣ್ಣದ್ದು ದೋಸೆಗೆ, ಕಡುಬಣ್ಣದ್ದು ಪಾಯಸಕ್ಕೆ ಚೆನ್ನ. ಮುಚ್ಚಳ ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ, ಹೊರಗಿಟ್ಟರೆ ಬೂಷ್ಟು ಹಿಡಿಯುತ್ತದೆ.