ಮೂರನೇ ಗುಂಪು ಎಲ್ಲಿ ಹೋಯಿತು? ತಿಮಿಂಗಿಲಗಳ ಡಿಎನ್‌ಎ ಓದಿದ ನನ್ನ ಅನುಭವ

ತಿಮಿಂಗಿಲಗಳೂ ಪೊರೆ ಬಿಡುತ್ತವೆ. ಹಾವಿನ ಹಾಗೆ ಒಂದೇ ಸಲಕ್ಕೆ ಇಡೀ ಪೊರೆಯಲ್ಲ, ಚೂರುಚೂರಾಗಿ. ನನ್ನ ಕೆಲಸವೆಲ್ಲ ನಿಂತಿರುವುದು ಆ ಚೂರುಗಳ ಮೇಲೆ.

ನಾವು ಹಿಂದೆ ಬಿದ್ದದ್ದು ಸ್ಪರ್ಮ್ ವೇಲ್ ಎಂಬ ತಿಮಿಂಗಿಲಗಳ ಹಿಂದೆ, ಕಡಲಿನ ಎರಡು ಬೇರೆ ಬೇರೆ ಜಾಗಗಳಲ್ಲಿ. ಹಲ್ಲಿರುವ ತಿಮಿಂಗಿಲಗಳಲ್ಲಿ ಇವೇ ಎಲ್ಲಕ್ಕಿಂತ ದೊಡ್ಡವು. ನೀರಿನೊಳಗೆ ಇವು ಮಾಡುವ ಟಕ್ ಟಕ್ ಸದ್ದನ್ನು ಹೈಡ್ರೋಫೋನಿನಲ್ಲಿ (ನೀರಿನೊಳಗೆ ಇಳಿಬಿಡುವ ಮೈಕ್) ಕೇಳಿಸಿಕೊಳ್ಳುತ್ತಾ ದೋಣಿ ನಡೆಸುತ್ತಿದ್ದೆವು. ಉಸಿರಾಡಲು ಮೇಲೆ ಬಂದ ತಿಮಿಂಗಿಲ ಕೊನೆಗೆ ಬಾಲ ಎತ್ತಿ ನೆಟ್ಟಗೆ ಕೆಳಗಿಳಿಯುತ್ತದೆ. ಮತ್ತೆ ಮುಕ್ಕಾಲು ಗಂಟೆ ಕಾಣುವುದಿಲ್ಲ. ಅದು ಮುಳುಗಿದ ಕಡೆ ಎಣ್ಣೆ ಸುರಿದಂತೆ ನುಣುಪಾದ ಒಂದು ವೃತ್ತ ಉಳಿಯುತ್ತದೆ. ಚರ್ಮ ಸಿಗುವುದು ಅಲ್ಲೇ. ಬೂದುಗಪ್ಪು ಬಣ್ಣದ, ನೆನೆದ ಕಾಗದದಂಥ ತೆಳ್ಳನೆಯ ಚೂರುಗಳು. ನೋಡುತ್ತಿದ್ದ ಹಾಗೇ ಕೆಳಗೆ ಇಳಿಯುತ್ತಿರುತ್ತವೆ. ಒಬ್ಬರು ದೋಣಿಯ ಮೂತಿಯಲ್ಲಿ ಬೋರಲು ಮಲಗಿ ಉದ್ದ ಹಿಡಿಯ ಬಲೆಯಿಂದ ಎತ್ತಬೇಕು. ಸ್ವಲ್ಪ ತಡವಾದರೂ ಬಲೆ ಖಾಲಿ. ಸಿಕ್ಕಿದ್ದನ್ನು ಚಿಮಟದಲ್ಲಿ ಹಿಡಿದು ಎಥನಾಲ್ ಇರುವ ಟ್ಯೂಬಿಗೆ ಹಾಕುತ್ತೇವೆ. ಬರಿಗೈಯಲ್ಲಿ ಮುಟ್ಟಿದರೆ ನಮ್ಮದೇ ಡಿಎನ್‌ಎ ಸೇರಿಕೊಳ್ಳುತ್ತದೆ.

ಟೊಳ್ಳು ತುದಿಯ ಬಾಣ ಬಿಟ್ಟು ಚರ್ಮದ ತುಣುಕು ತೆಗೆಯುವ ಕ್ರಮವೂ ಇದೆ. ಅದರಲ್ಲಿ ಡಿಎನ್‌ಎ ಚೆನ್ನಾಗಿ ಸಿಗುತ್ತದೆ. ಆದರೂ ಉದುರಿದ್ದನ್ನು ಹೆಕ್ಕುವುದೇ ನನಗೆ ಇಷ್ಟ. ಪ್ರಾಣಿಗೆ ಗೊತ್ತೂ ಆಗುವುದಿಲ್ಲ ಅಲ್ವಾ.

ಲ್ಯಾಬಿನಲ್ಲಿ ಎರಡು ಬಗೆಯ ಡಿಎನ್‌ಎ ಓದುತ್ತೇವೆ. ಮೈಟೋಕಾಂಡ್ರಿಯದ್ದು, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಭಾಗದ್ದು, ತಾಯಿಯಿಂದ ಮಾತ್ರ ಬರುತ್ತದೆ. ಕೋಶಕೇಂದ್ರದ್ದು ಅಪ್ಪ ಅಮ್ಮ ಇಬ್ಬರಿಂದಲೂ. ಕೋಶಕೇಂದ್ರದ ಹತ್ತಾರು ಕಡೆಗಳಲ್ಲಿರುವ ಮೈಕ್ರೋಸ್ಯಾಟಲೈಟ್‌ಗಳನ್ನು (ಮತ್ತೆ ಮತ್ತೆ ಮರುಕಳಿಸುವ ಡಿಎನ್‌ಎಯ ಚಿಕ್ಕ ತುಣುಕುಗಳು) ಒಟ್ಟಿಗೆ ನೋಡಿದರೆ ಅದು ಆ ಪ್ರಾಣಿಯ ಬೆರಳಚ್ಚು ಇದ್ದ ಹಾಗೆ. ಒಂದು ಮಧ್ಯಾಹ್ನ ನಾವು ಖುಷಿಯಿಂದ ತುಂಬಿಸಿದ 9 ಟ್ಯೂಬುಗಳಲ್ಲಿ ಇದ್ದದ್ದು ಬರೀ 4 ತಿಮಿಂಗಿಲ! ಉದುರಿದ ಚರ್ಮದಲ್ಲಿ ಡಿಎನ್‌ಎ ಮುರಿದಿರುತ್ತದೆ, ಹಾಗಾಗಿ ಪ್ರತಿಯೊಂದನ್ನೂ ಎರಡು ಮೂರು ಸಲ ಓದಿಸುತ್ತಿದ್ದೆ.

ಎಲ್ಲ ಮುಗಿದ ಮೇಲೆ ಕೋಶಕೇಂದ್ರದ ಡಿಎನ್‌ಎಯನ್ನು ಕಂಪ್ಯೂಟರಿಗೆ ಕೊಟ್ಟೆ. ಇವು ಒಂದೇ ಸಂತತಿಯೋ (ತಮ್ಮತಮ್ಮಲ್ಲೇ ಕೂಡಿ ಮರಿ ಹಾಕುವ ದೊಡ್ಡ ಗುಂಪು), ಬೇರೆ ಬೇರೆಯೋ ಎಂದು ವಿಂಗಡಿಸುವ ಪ್ರೋಗ್ರಾಂ ಅದು. ಪರದೆಯ ಮೇಲೆ ಮೂರು ಬಣ್ಣ ಬಂತು, ಒಂದೊಂದು ಬಣ್ಣ ಒಂದೊಂದು ಗುಂಪು. ಮೂರನೆಯದು ಚಿಕ್ಕದು, ಆದರೆ ಎದ್ದು ಕಾಣುವಷ್ಟು ಬೇರೆ. ಯಾರೂ ಗುರುತಿಸದ ಒಂದು ಸಂತತಿ ಸಿಕ್ಕಿತು ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಹಿರಿಯ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. ಅವರು ಚಿತ್ರವನ್ನು ಸರಿಯಾಗಿ ನೋಡಲೂ ಇಲ್ಲ. “ಈ ಮೂರನೇ ಬಣ್ಣದವು ಯಾವತ್ತು ಸಿಕ್ಕಿದ್ದು?” ಎಂದರು.

ದೋಣಿಯ ನೋಟ್‌ಬುಕ್ ತೆಗೆದೆ. ಉಪ್ಪುನೀರು ಬಿದ್ದು ಅಂಟಿಕೊಂಡ ಹಾಳೆಗಳನ್ನು ಒಂದೊಂದೇ ಬಿಡಿಸಿದೆ. ಅಷ್ಟೂ ಸಿಕ್ಕಿದ್ದು ಎರಡೇ ದಿನದಲ್ಲಿ, ಒಂದೇ ಹಿಂಡಿನ ಹಿಂದೆ. ಸಂಬಂಧದ ಲೆಕ್ಕ ಹಾಕಿದಾಗ ತಾಯಿ, ಮಗಳು, ಅಕ್ಕ, ತಂಗಿ ಎಂದು ಕಾಣತೊಡಗಿತು. ನಾನು ಸಂತತಿ ಅಂದುಕೊಂಡಿದ್ದು ಒಂದು ಕುಟುಂಬ. ಹತ್ತಿರದ ನೆಂಟರಲ್ಲಿ ಒಬ್ಬರನ್ನು ಮಾತ್ರ ಇಟ್ಟುಕೊಂಡು ಮತ್ತೆ ಓಡಿಸಿದೆ. ಮೂರನೇ ಬಣ್ಣ ಇರಲೇ ಇಲ್ಲ. ಉಳಿದ ಎರಡು ಬಣ್ಣಗಳೂ ಒಂದರೊಳಗೊಂದು ಕಲಸಿಹೋಗಿದ್ದವು.

ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆಮೇಲೆ ತಾಯಿ ಕಡೆಯ ಡಿಎನ್‌ಎ ನೋಡಿದಾಗ ಬೇರೆಯೇ ಕಥೆ. ಅಲ್ಲಿ ಎರಡು ಜಾಗದ ತಿಮಿಂಗಿಲಗಳ ನಡುವೆ ವ್ಯತ್ಯಾಸ ಸ್ಪಷ್ಟವಾಗಿತ್ತು. ಯೋಚಿಸಿದರೆ ಇವುಗಳ ಬದುಕೇ ಹಾಗಿದೆ. ಹೆಣ್ಣುಗಳು ಮರಿಗಳ ಜೊತೆ ಬೆಚ್ಚಗಿನ ಕಡಲಲ್ಲೇ ಉಳಿಯುತ್ತವೆ. ಗಂಡುಗಳು ಬೆಳೆದ ಮೇಲೆ ಹಿಂಡು ಬಿಟ್ಟು ಧ್ರುವದ ಕಡೆಯ ತಣ್ಣನೆಯ ನೀರಿನವರೆಗೂ ಹೋಗುತ್ತವೆ, ಕೂಡಲು ಮತ್ತೆ ಬರುತ್ತವೆ, ಹುಟ್ಟಿದ ಕಡೆಗೇ ಬರಬೇಕು ಅಂತೇನಿಲ್ಲ. ಹಾಗಾಗಿ ಅಪ್ಪಂದಿರ ಕಡೆಯಿಂದ ಎಲ್ಲ ಬೆರೆಯುತ್ತದೆ, ಅಮ್ಮಂದಿರ ಕಡೆಯಿಂದ ಬೆರೆಯುವುದಿಲ್ಲ. ಸಂರಕ್ಷಣೆಗೆ ಇದು ದೊಡ್ಡ ವಿಷಯ. ಒಂದು ಕಡಲಿನ ಹೆಣ್ಣುಗಳು ಹಡಗಿಗೆ ಬಡಿದೋ ಬಲೆಗೆ ಸಿಕ್ಕೋ ಸತ್ತುಹೋದರೆ, ಆ ಜಾಗ ತುಂಬಲು ಬೇರೆ ಕಡೆಯ ಹೆಣ್ಣುಗಳು ಸುಲಭಕ್ಕೆ ಬರುವುದಿಲ್ಲ. ಗಂಡು ಬಂದು ಏನು ಮಾಡೀತು?

ಒಂದೇ ಕುಟುಂಬವನ್ನು ಸಂತತಿ ಎನ್ನುವುದು ಎಷ್ಟು ತಪ್ಪೋ, ಬೇರೆಯಾದದ್ದನ್ನು ಒಂದೇ ಎನ್ನುವುದು ಅದಕ್ಕಿಂತ ಅಪಾಯ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲಗಳನ್ನೇ ನೋಡಿ. ಇವು ಬೇರೆ ಹಂಪ್‌ಬ್ಯಾಕ್‌ಗಳಂತೆ ತಣ್ಣನೆಯ ಕಡಲಿಗೆ ವಲಸೆ ಹೋಗುವುದಿಲ್ಲ, ವರ್ಷವಿಡೀ ಇಲ್ಲೇ. ಸುಮಾರು 70,000 ವರ್ಷಗಳಿಂದ ಉಳಿದವುಗಳಿಂದ ಬೇರೆಯಾಗಿವೆ ಎಂದು ಡಿಎನ್‌ಎ ಅಂದಾಜು ಹೇಳುತ್ತದೆ. 1960ರ ದಶಕದ ನಡುವೆ ಸೋವಿಯತ್ ಹಡಗುಗಳು ಕಾನೂನು ಮೀರಿ ಇಲ್ಲಿ 242 ಹಂಪ್‌ಬ್ಯಾಕ್‌ಗಳನ್ನು ಕೊಂದವು. ಆಮೇಲೆ ಒಮಾನ್ ಬಳಿ ಮಾಡಿದ ಅಂದಾಜಿನಲ್ಲಿ ಸಿಕ್ಕಿದ್ದು 82. ಪ್ರಪಂಚದಲ್ಲಿ ಹಂಪ್‌ಬ್ಯಾಕ್‌ಗಳು ಜಾಸ್ತಿಯಾಗಿವೆ ಎಂಬ ಸುದ್ದಿಯಿಂದ ಇವಕ್ಕೆ ಏನೂ ಸಿಗುವುದಿಲ್ಲ.

ಇನ್ನೊಂದು ವಿಷಯ. ಡಿಎನ್‌ಎಯಲ್ಲಿ ವೈವಿಧ್ಯ ಕಡಿಮೆ ಎಂದ ತಕ್ಷಣ ಬೇಟೆಯೇ ಕಾರಣ ಎನ್ನಬೇಡಿ. ಸ್ಪರ್ಮ್ ವೇಲ್‌ಗಳು ಇಂದಿಗೂ ಲಕ್ಷಗಳಲ್ಲಿವೆ, ಆದರೂ ಅವುಗಳ ಮೈಟೋಕಾಂಡ್ರಿಯದಲ್ಲಿ ವೈವಿಧ್ಯ ತೀರಾ ಕಡಿಮೆ. ಅದು ಬೇಟೆಗಿಂತ ಎಷ್ಟೋ ಹಳೆಯದು. ಬೇಟೆಯ ಪೆಟ್ಟು ಡಿಎನ್‌ಎಯಲ್ಲಿ ಕಾಣಲು ಹಲವು ತಲೆಮಾರು ಬೇಕು, ತಿಮಿಂಗಿಲಗಳ ಒಂದೊಂದು ತಲೆಮಾರೂ ದಶಕಗಳದ್ದು.

ನಮ್ಮ ವರದಿಯಲ್ಲಿ ಎರಡು ಜಾಗದ ಹೆಣ್ಣುಗಳನ್ನು ಬೇರೆ ಬೇರೆಯಾಗಿಯೇ ಕಾಪಾಡಬೇಕು ಎಂದು ಬರೆದೆವು. ಗಂಡುಗಳ ಚರ್ಮ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಮುಂದಿನ ಸಲ ಅವುಗಳ ಹಿಂದೆ ಹೋಗಬೇಕು. ಈಗ ನಾನು ಪ್ರತಿ ಟ್ಯೂಬಿನ ಮೇಲೂ ತಾರೀಕಿನ ಪಕ್ಕ ಯಾವ ಹಿಂಡು, ಪಕ್ಕದಲ್ಲಿ ಮರಿ ಇತ್ತಾ ಎಂದು ಪೆನ್ಸಿಲಿನಲ್ಲಿ ಬರೆಯುತ್ತೇನೆ. ಪೆನ್ನಿನ ಮಸಿಯನ್ನು ಎಥನಾಲ್ ಅಳಿಸಿಬಿಡುತ್ತದೆ.