ಹಿರಿಯರಿಂದ ಬಂದ ಬೆಳ್ಳಿ ಜೇಬುಗಡಿಯಾರ: ದೇಶ, ಕಾಲ ಗುರುತಿಸುವ ಬಗೆ

ಹಳೆಯ ಬೆಳ್ಳಿಯ ಜೇಬುಗಡಿಯಾರವೊಂದು ಕೈಗೆ ಬಂದೊಡನೆ ಅದನ್ನು ಉಜ್ಜಿ ಹೊಳೆಯಿಸಬೇಕು, ಕೀಲಿ ಕೊಟ್ಟು ಓಡಿಸಿ ನೋಡಬೇಕು ಎನಿಸುವುದು ಸಹಜ. ಎರಡನ್ನೂ ಮಾಡಬಾರದು. ಬೆಳ್ಳಿಯ ಮೇಲೆ ಒತ್ತಿದ ಮುದ್ರೆಗಳು ಕೂದಲೆಳೆಯಷ್ಟೇ ಆಳವಿರುವುದರಿಂದ ಪಾಲಿಶ್ ಹಾಕಿದಷ್ಟೂ ಸವೆಯುತ್ತವೆ. ಎಣ್ಣೆ ಆರಿದ ಯಂತ್ರವನ್ನು ಓಡಿಸಿದರೆ ಅದರ ತಿರುಗುಮೊನೆಗಳು ಸವೆಯುತ್ತವೆ. ಹತ್ತುಪಟ್ಟು ಹಿಗ್ಗಿಸಿ ತೋರಿಸುವ ಒಂದು ಭೂತಗನ್ನಡಿ, ಓರೆಯಾಗಿ ಬೀಳುವ ಬೆಳಕು, ಫೋಟೊ ತೆಗೆಯಲು ಫೋನು, ಇಷ್ಟಿದ್ದರೆ ಕೆಲಸ ಆರಂಭಿಸಬಹುದು.

ಮೊದಲು ಮುಚ್ಚಳ ತೆರೆಯಬೇಕು. ಹಿಂಬದಿಯ ಮುಚ್ಚಳದ ಅಂಚಿನಲ್ಲಿ ಸಾಮಾನ್ಯವಾಗಿ ಉಗುರು ಸಿಕ್ಕಿಸುವಷ್ಟು ಸಣ್ಣ ತುಟಿಯೊಂದು ಇರುತ್ತದೆ. ಅದನ್ನು ಎತ್ತಿದರೆ ಮುಚ್ಚಳ ತಿರುಗಣೆಯ ಮೇಲೆ ತೆರೆದುಕೊಳ್ಳುತ್ತದೆ, ಒಳಗೆ ಬಹುತೇಕ ಇನ್ನೊಂದು ಮುಚ್ಚಳವಿರುತ್ತದೆ. ಕೆಲವು ಅಮೆರಿಕನ್ ಗಡಿಯಾರಗಳ ಹಿಂಬದಿಯನ್ನು ತಿರುಪಿನಂತೆ ತಿರುಗಿಸಿ ಬಿಚ್ಚಬೇಕು. ಹಳೆಯ ಇಂಗ್ಲಿಷ್ ಗಡಿಯಾರಗಳಲ್ಲಾದರೆ ಮುಂದಿನ ಗಾಜಿನ ಚೌಕಟ್ಟನ್ನು ತೆರೆದು, ಆರು ಗಂಟೆಯ ಅಂಕಿಯ ಬಳಿಯ ಪುಟ್ಟ ಕೊಂಡಿಯನ್ನು ಒತ್ತಿದಾಗ ಇಡೀ ಯಂತ್ರವೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಯಾವುದೂ ಸುಲಭವಾಗಿ ಬಿಚ್ಚಿಕೊಳ್ಳದಿದ್ದರೆ ಚಾಕು ತೂರಿಸದೆ, ಅಲ್ಲಿಗೇ ನಿಲ್ಲಿಸಿ ಅನುಭವಿ ಗಡಿಯಾರ ರಿಪೇರಿಗಾರರ ಬಳಿ ಒಯ್ಯುವುದು ಕ್ಷೇಮ.

ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಬೆಳ್ಳಿಯ ಕವಚಕ್ಕೂ ಒಳಗಿನ ಯಂತ್ರಕ್ಕೂ ಬೇರೆ ಬೇರೆ ಜಾತಕವಿರುತ್ತದೆ. ಎರಡನ್ನೂ ಮಾಡಿದವರು ಬೇರೆ, ಒಮ್ಮೊಮ್ಮೆ ಮಾಡಿದ ದೇಶಗಳೂ ಬೇರೆ, ಸವೆದ ಕವಚವನ್ನು ನಂತರ ಯಾರೋ ಬದಲಿಸಿರಲೂಬಹುದು. ಆದ್ದರಿಂದ ಎರಡರ ಕಾಲವನ್ನೂ ಪ್ರತ್ಯೇಕವಾಗಿ ನಿರ್ಧರಿಸಿ, ಆಮೇಲೆ ಹೋಲಿಸಬೇಕು.

ಕವಚದಿಂದ ಆರಂಭಿಸೋಣ. ಮುಚ್ಚಳಗಳ ಒಳಬದಿಯಲ್ಲಿ ನಡೆಯುವ ಭಂಗಿಯ ಸಿಂಹ ಕಂಡರೆ ಅದು ಇಂಗ್ಲೆಂಡಿನಲ್ಲಿ ಪರೀಕ್ಷೆಯಾದ, ಸಾವಿರಕ್ಕೆ 925 ಭಾಗ ಶುದ್ಧವಾದ ಸ್ಟರ್ಲಿಂಗ್ ಬೆಳ್ಳಿ. ಅದರ ಪಕ್ಕದ ಮುದ್ರೆ ಪರೀಕ್ಷೆ ನಡೆದ ಊರನ್ನು ಹೇಳುತ್ತದೆ: ಚಿರತೆಯ ಮುಖವಾದರೆ ಲಂಡನ್, ಲಂಗರಾದರೆ ಬರ್ಮಿಂಗ್‌ಹ್ಯಾಮ್, ಮೂರು ಗೋಧಿ ಸಿವುಡುಗಳ ನಡುವೆ ಖಡ್ಗವಿದ್ದರೆ ಚೆಸ್ಟರ್. ಲಂಡನ್ನಿನ ಚಿರತೆಯ ತಲೆಯ ಮೇಲೆ ಕಿರೀಟವಿದ್ದರೆ ಅದು 1821ಕ್ಕೆ ಈಚಿನದಾಗಿರಲು ಸಾಧ್ಯವಿಲ್ಲ ಎನ್ನಬಹುದು. ವರ್ಷವನ್ನು ತಿಳಿಸುವುದು ಮಾತ್ರ ಒಂಟಿ ಅಕ್ಷರದ ಮುದ್ರೆ. ಪ್ರತಿ ವರ್ಷಕ್ಕೊಂದು ಅಕ್ಷರ; ಸರಣಿ ಮುಗಿದ ಮೇಲೆ ಅಕ್ಷರದ ಶೈಲಿಯನ್ನೋ ಸುತ್ತಲಿನ ಗುರಾಣಿಯ ಆಕಾರವನ್ನೋ ಬದಲಿಸಿ ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. ಲಂಡನ್ನಿನ ಸರಣಿಯಲ್ಲಿ ಇಪ್ಪತ್ತೇ ಅಕ್ಷರಗಳಿದ್ದುದರಿಂದ ಅದೇ ಅಕ್ಷರ ಇಪ್ಪತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ; ಹೀಗಾಗಿ ಊರನ್ನು ಖಚಿತಪಡಿಸಿಕೊಳ್ಳದೆ, ಗುರಾಣಿಯ ಆಕಾರವನ್ನು ನೋಡದೆ ಅಕ್ಷರವೊಂದನ್ನೇ ಪಟ್ಟಿಯಲ್ಲಿ ಹುಡುಕಿದವರು ಹಲವು ದಶಕಗಳಷ್ಟು ತಪ್ಪುವುದುಂಟು. ಅಕ್ಷರ ಬದಲಾಗುತ್ತಿದ್ದುದು ಜನವರಿಯಲ್ಲಲ್ಲ, ಲಂಡನ್ನಿನಲ್ಲಿ ಮೇ ತಿಂಗಳಲ್ಲಿ. ಆದ್ದರಿಂದ 1884 ಎಂದು ಬರೆದುಕೊಳ್ಳುವ ಬದಲು 1884–85 ಎಂದು ಬರೆದುಕೊಳ್ಳುವುದೇ ಸರಿ. ಸಿಂಹವಿಲ್ಲದೆ 925 ಎಂಬ ಅಂಕಿಯೂ ವರ್ಷದ ಅಕ್ಷರವೂ ಒಟ್ಟಿಗಿದ್ದರೆ ಅದು ಬ್ರಿಟನ್ನಿಗೆ ಆಮದಾದ ಕವಚವಿರಬೇಕು. ಹೊರದೇಶದ ಗಡಿಯಾರ ಕವಚಗಳಿಗೆ ಈ ಪರೀಕ್ಷೆ 1907ರ ಜೂನ್‌ನಿಂದ ಕಡ್ಡಾಯವಾಯಿತು.

ಸ್ವಿಸ್ ಕವಚಗಳು ವರ್ಷವನ್ನು ಹೇಳುವುದಿಲ್ಲ, ಅವಧಿಯನ್ನಷ್ಟೇ ಹೇಳುತ್ತವೆ. 1880ರ ದಶಕದಿಂದ 1933ರವರೆಗಿನ ಸ್ವಿಸ್ ಬೆಳ್ಳಿಯ ಮೇಲೆ 0,800 ಎಂಬ ಅಂಕಿಯೊಂದಿಗೆ ಕಾಡುಕೋಳಿಯ ಜಾತಿಯ ಹಕ್ಕಿ, 0,875ರೊಂದಿಗೆ ನಿಂತ ಕರಡಿ ಇರುತ್ತವೆ. 0,935 ಎಂಬ ಅಂಕಿಯ ಜೊತೆ ಮೂರು ಕರಡಿಗಳಿದ್ದರೆ ಅದು 1887ರ ನಂತರ ಬ್ರಿಟಿಷ್ ಮಾರುಕಟ್ಟೆಯನ್ನು ಗಮನದಲ್ಲಿಟ್ಟು ತಂದ ಮುದ್ರೆ. 800ರ ಪಕ್ಕದಲ್ಲಿ ಅರ್ಧಚಂದ್ರ ಮತ್ತು ಕಿರೀಟವಿದ್ದರೆ ಅದು ಜರ್ಮನಿಯ 1888ರಿಂದೀಚಿನ ಗುರುತು. ಸಿಲ್ವರಾಯ್ಡ್, ನಿಕಲ್ ಸಿಲ್ವರ್, ಅಲಾಸ್ಕಾ ಸಿಲ್ವರ್ ಎಂಬ ಹೆಸರುಗಳಲ್ಲಿ ಬೆಳ್ಳಿಯಿದ್ದರೂ ಲೋಹದಲ್ಲಿ ಇಲ್ಲ. ಅವು ನಿಕಲ್ ಬೆರೆತ ಮಿಶ್ರಲೋಹಗಳು.

ಒಳಮುಚ್ಚಳದ ಮೇಲಿನ ಫ್ರೆಂಚ್ ಬರಹ ಬಹಳ ಜನರ ದಾರಿ ತಪ್ಪಿಸುತ್ತದೆ. ರೆಮೊಂತ್ವಾರ್, ಆಂಕರ್, ಸಿಲಿಂದ್ರ್, ಸ್ಪಿರಾಲ್ ಬ್ರೆಗೆ ಎಂಬವು ತಯಾರಕರ ಹೆಸರುಗಳಲ್ಲ. ಕ್ರಮವಾಗಿ ಅವು ಕೀಲಿಕೈ ಬೇಡದ ಗಡಿಯಾರ, ಲಿವರ್ ಬಗೆಯ ಯಂತ್ರ, ಸಿಲಿಂಡರ್ ಬಗೆಯ ಯಂತ್ರ, ತುದಿ ಮೇಲಕ್ಕೆ ಬಾಗಿದ ಸುರುಳಿ ಸ್ಪ್ರಿಂಗ್ ಎಂಬುದರ ವಿವರಣೆಗಳು. ಅದೇ ಮುಚ್ಚಳದಲ್ಲಿ ವಸ್ತುಪ್ರದರ್ಶನದ ಪದಕದ ಚಿತ್ರವೂ ವರ್ಷವೂ ಇದ್ದರೆ, ಗಡಿಯಾರ ಆ ವರ್ಷಕ್ಕಿಂತ ಹಳೆಯದಲ್ಲ ಎಂದಷ್ಟೇ ತಿಳಿಯಬೇಕು.

ಈಗ ಯಂತ್ರ. ತೆಳುವಾದ ಸರಪಳಿ ಸುತ್ತಿಕೊಂಡ ಶಂಕುವಿನಾಕಾರದ ಭಾಗ ಕಂಡರೆ ಅದು ಫ್ಯೂಸಿ. ಇಂಗ್ಲಿಷ್ ಕುಶಲಕರ್ಮಿಗಳು ಇದನ್ನು ಉಳಿದವರು ಬಿಟ್ಟ ಮೇಲೂ ಬಹುಕಾಲ ಬಳಸಿದರು. ಅದರ ಜೊತೆ ವರ್ಜ್ ಎಂಬ ಹಳೆಯ ಬಗೆಯ ನಿಯಂತ್ರಣವಿದ್ದರೆ ಕಾಲ ಹೆಚ್ಚುಕಡಿಮೆ 19ನೇ ಶತಮಾನದ ನಡುಭಾಗಕ್ಕಿಂತ ಹಿಂದಿನದು. ಪ್ರತ್ಯೇಕ ಕೀಲಿಕೈಯಿಂದ ತಿರುಗಿಸುವ ರಂಧ್ರವಿದೆಯೇ, ಮೇಲಿನ ಗುಂಡಿಯನ್ನೇ ತಿರುಗಿಸುವುದೇ ಎಂದು ನೋಡಿ. ಗುಂಡಿಯ ವ್ಯವಸ್ಥೆಯನ್ನು ಫ್ರೆಂಚ್ ಗಡಿಯಾರ ತಯಾರಕ ಆಡ್ರಿಯನ್ ಫಿಲಿಪ್ 1840ರ ದಶಕದಲ್ಲಿ ರೂಪಿಸಿದರೂ ಅದು ಎಲ್ಲೆಡೆ ಹರಡಲು ದಶಕಗಳೇ ಹಿಡಿದವು, ಇಂಗ್ಲೆಂಡಿನಲ್ಲಂತೂ ಕೀಲಿಕೈಯ ಗಡಿಯಾರಗಳು 20ನೇ ಶತಮಾನದ ಹೊಸ್ತಿಲವರೆಗೂ ತಯಾರಾದವು. ವೇಗ ಹೊಂದಿಸುವ ಕಡ್ಡಿಯ ಬಳಿ ಎ, ಆರ್ ಎಂಬ ಅಕ್ಷರಗಳಿದ್ದರೆ ಫ್ರೆಂಚ್ ಅಥವಾ ಸ್ವಿಸ್ ಮೂಲದ ಸಾಧ್ಯತೆ ಹೆಚ್ಚು.

ವಾಲ್ತಮ್, ಎಲ್ಜಿನ್ ಮುಂತಾದ ಅಮೆರಿಕನ್ ಕಂಪನಿಗಳ ಯಂತ್ರವಾದರೆ ಕೆಲಸ ಸುಲಭ, ಏಕೆಂದರೆ ಯಂತ್ರದ ಕ್ರಮಸಂಖ್ಯೆಯನ್ನು ಪ್ರಕಟಿತ ಪಟ್ಟಿಗಳಲ್ಲಿ ಹುಡುಕಿ ವರ್ಷದ ಸಮೀಪಕ್ಕೆ ಬರಬಹುದು. ಹುಡುಕಬೇಕಾದ್ದು ಯಂತ್ರದ ಸಂಖ್ಯೆಯನ್ನು, ಕವಚದ್ದನ್ನಲ್ಲ. ಅಲ್ಲಿ ಗ್ರಾಹಕರು ಯಂತ್ರವನ್ನೂ ಕವಚವನ್ನೂ ಬೇರೆಬೇರೆಯಾಗಿ ಆರಿಸಿಕೊಳ್ಳುತ್ತಿದ್ದರು. ಇಂಗ್ಲಿಷ್ ಗಡಿಯಾರದಲ್ಲಿ ಮಾತ್ರ ಕವಚದ ಮೇಲೂ ಯಂತ್ರದ ಮೇಲೂ ಒಂದೇ ಸಂಖ್ಯೆ ಕಂಡರೆ ಸಂತೋಷಪಡಬಹುದು, ಅವೆರಡೂ ಹುಟ್ಟಿನಿಂದಲೇ ಜೊತೆಗಿದ್ದವು. ಮುಖಫಲಕದ ಮೇಲಿನ ಹೆಸರು ಅನೇಕ ಸಲ ಮಾರಿದ ಅಂಗಡಿಯದು, ಅದನ್ನು ತಯಾರಕರದ್ದೆಂದು ನಂಬಬೇಡಿ. ಅಂಕಿಗಳಿಗೂ ಮುಳ್ಳುಗಳಿಗೂ ಕಂದುಬಣ್ಣಕ್ಕೆ ತಿರುಗಿದ ಲೇಪವಿದ್ದರೆ ಅದು ರೇಡಿಯಂ ಇರಬಹುದು; ಹೊಳಪು ಆರಿದ್ದರೂ ವಿಕಿರಣ ಉಳಿದಿರುತ್ತದೆ, ಕೆರೆಯಕೂಡದು, ಗಾಜು ತೆಗೆಯಕೂಡದು.

ಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ಗೀಚಿದಂತಹ ಸಣ್ಣ ಅಂಕಿಗಳೂ ಸಿಗುತ್ತವೆ. ಅವು ರಿಪೇರಿಗಾರರು ತಮ್ಮ ನೆನಪಿಗಾಗಿ ಬರೆದುಕೊಂಡ ಗುರುತುಗಳು; ಕೆಲವೊಮ್ಮೆ ಅದರಲ್ಲಿ ತಿಂಗಳು, ವರ್ಷವೂ ಇರುತ್ತದೆ. ಅವುಗಳನ್ನು ಅಳಿಸದೆ ಫೋಟೊ ತೆಗೆದು, ಕವಚದ ಕಾಲ, ಯಂತ್ರದ ಕಾಲ, ಎರಡೂ ಸಂಖ್ಯೆಗಳು, ಮನೆಯಲ್ಲಿ ಕೇಳಿಬಂದ ಕಥೆ ಇವನ್ನು ಬೇರೆ ಬೇರೆ ಸಾಲುಗಳಲ್ಲಿ ಬರೆದು ಗಡಿಯಾರದ ಜೊತೆಯಲ್ಲೇ ಇಡಿ. ಮುತ್ತಜ್ಜ 1870ರಲ್ಲಿ ಕೊಂಡದ್ದೆಂಬ ಕಥೆಯಿರುವ ಗಡಿಯಾರದ ಮೇಲೆ ಮೂರು ಕರಡಿಗಳ ಮುದ್ರೆ ಕಂಡರೆ, ವರ್ಷದ ವಿಷಯದಲ್ಲಿ ಕರಡಿಗಳನ್ನೇ ನಂಬಬೇಕು.